ಗೂಬೆಕಲ್ಲು ಬೆಟ್ಟದ ಕೆಂಪು ಮಣ್ಣು

ನಮ್ಮ ಜೀವನ್ ಬಿಮಾ ನಗರದಲ್ಲಿ ಧೈರ್ಯಕ್ಕೆ ಬೆಲೆ ಕಡಿಮೆ. ಇಲ್ಲಿ ಅರ್ಧಕ್ಕರ್ಧ ಮನೆಗಳು ವಿಮಾ ಕಚೇರಿಯವರವು. ಯಾರಾದರೂ ಏಣಿ ಹತ್ತುವುದು ಕಂಡರೆ ಬೇರೆ ಬಡಾವಣೆಯವರು ಹುಷಾರು ಅನ್ನುತ್ತಾರೆ, ನಮ್ಮವರು ನಾಮಿನಿ ಯಾರು ಅಂತ ಕೇಳುತ್ತಾರೆ. ಅಂಥ ಕಡೆ ಇದ್ದುಕೊಂಡು, ನಲವತ್ತು ದಾಟಿದ ಮೇಲೆ, ಬೆಟ್ಟ ಹತ್ತುವ ಮೋಟರ್‌ಸೈಕಲ್ ತಂದವನು ನಮ್ಮ ಕೆಳಗಿನ ಮನೆಯ ಸಿದ್ಧಲಿಂಗೇಶ.

ಅವನೆಂಥವನು ಅಂತ ಮೊದಲೇ ಹೇಳಿಬಿಡುವುದು ಒಳ್ಳೆಯದು. ದಾವಣಗೆರೆ ಕಡೆಯವನು, ವಿಮಾ ಕಚೇರಿಯಲ್ಲಿ ಸಹಾಯಕ, ಸಂಭಾವಿತ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೂ ಗಾಳಿ ಜಾಸ್ತಿ ಅಂತ ಒಳಗೆ ಸರಿದು ಕೂರುತ್ತಾನೆ. ಮದುವೆಯ ಮೆರವಣಿಗೆಯಲ್ಲಿ ಕುದುರೆ ಸೀನಿತು ಅಂತ ಇಳಿದು, ಉಳಿದ ದಾರಿಯನ್ನು ಬಾಸಿಂಗ ಕಟ್ಟಿಕೊಂಡೇ ನಡೆದು ಬಂದವನು. ಇಂಥವನು 2003ರಲ್ಲಿ ಕಂಟೋನ್ಮೆಂಟಿನಲ್ಲಿ ಸೈನ್ಯದ ಹಳೇ ಸಾಮಾನು ಹರಾಜಾಗುತ್ತದೆಂದು ಕೇಳಿ ಕಬ್ಬಿಣದ ಬೀರು ಕೊಳ್ಳಲು ಹೋದ. ಸಂಜೆ ಹಸಿರು ಬಣ್ಣದ ಬುಲೆಟ್ ತಳ್ಳಿಕೊಂಡು ಬಂದ. ಯಾವುದಕ್ಕೆ ಕೂಗುತ್ತಿದ್ದಾರೆ ಅಂತ ಗೊತ್ತಾಗದೆ ಕೈ ಎತ್ತಿದರು ಎಂದು ಅವನ ಹೆಂಡತಿ ಪ್ರತಿಭಾ ಹೇಳುತ್ತಾಳೆ. ಬೇಕೂಂತಲೇ ಎತ್ತಿದೆ ಎಂದು ಅವನು ಹೇಳುತ್ತಾನೆ. ಗಂಡ ಹೆಂಡಿರ ನಡುವೆ ನಾವು ಬರಬಾರದು.

ಆ ಗಾಡಿಗೆ ಜೀವ ಕೊಟ್ಟವನು ಶಿವಾಜಿನಗರದ ಮೆಕ್ಯಾನಿಕ್ ಅಕ್ತರ್. ಬೆಟ್ಟದ ಹಾದಿಗೆಂದು ದಪ್ಪ ಹಲ್ಲಿನ ಟೈರು ಹಾಕಿದ, ಸೈಲೆನ್ಸರನ್ನು ಮೇಲೆತ್ತಿ ಕಟ್ಟಿದ, ಹಿಂದೆ ಎರಡೂ ಕಡೆ ಮಿಲಿಟರಿಯವರ ತಗಡಿನ ಪೆಟ್ಟಿಗೆ ತೂಗುಹಾಕಿದ. ಬೀರು ಹೋದರೂ ಪೆಟ್ಟಿಗೆಯಾದರೂ ಬಂತಲ್ಲ ಅಂತ ಪ್ರತಿಭಾ ಸಮಾಧಾನ ಮಾಡಿಕೊಂಡಳು. ಅಕ್ತರ್ ಮತ್ತು ಹಲಸೂರು ಕೆರೆಯ ಹತ್ತಿರ ಹೂವಿನ ಅಂಗಡಿ ಇಟ್ಟಿರುವ ಮುನಿಶಾಮಿ, ಇಬ್ಬರೂ ಭಾನುವಾರ ಬಂದರೆ ತಮ್ಮ ಹಳೇ ಯೆಜ್ಡಿ ಬೈಕುಗಳನ್ನು ಏರಿ ಹೊಸಕೋಟೆಯಾಚೆಯ ಬೆಟ್ಟಗಳ ಮಣ್ಣುದಾರಿಗೆ ಹೋಗುವ ಅಭ್ಯಾಸದವರು. ಡಾಂಬರು ಕಂಡರೆ ಇಬ್ಬರಿಗೂ ಆಗದು. ಬನ್ನಿ ಸಾರ್ ನಮ್ಮ ಜೊತೆ ಅಂತ ಕರೆದರು. ಇವನು ಹೋದ.

ಹೋದದ್ದು ಒಂದೇ ಸಲ. ಹೊಸಕೋಟೆ ದಾಟಿ ಡಾಂಬರು ಮುಗಿದು ಮಣ್ಣಿನ ಇಳಿಜಾರು ಶುರುವಾಗುವ ಕಡೆ ಅವನ ಸಾಹಸ ಮುಗಿಯಿತು. ಆ ಹಳೇ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಇಪ್ಪತ್ತು ವರ್ಷ ಸ್ಕೂಟರ್ ಓಡಿಸಿದ ಸಿದ್ಧಲಿಂಗೇಶನ ಬಲಗಾಲು ಬ್ರೇಕನ್ನು ಹುಡುಕುತ್ತಾ ಗೇರನ್ನು ತುಳಿಯಿತು. ಗಾಡಿ ಅವನನ್ನು ಕರೆದುಕೊಂಡು ಟೊಮೇಟೊ ತೋಟದೊಳಗೆ ಹೋಗಿ, ಕೋಲು ಕಟ್ಟಿದ ಗಿಡಗಳ ನಡುವೆ ತಾನಾಗೇ ನಿಂತಿತು. ಹೊಟ್ಟೆ ಸರಿಯಿಲ್ಲ ಅಂತ ಹೇಳಿ ಅವನು ವಾಪಸ್ ಬಂದ.

ಆಮೇಲೆ ಒಂದು ಏರ್ಪಾಡಾಯಿತು. ಭಾನುವಾರ ಬೆಳಗಾಗುತ್ತಲೇ ನಮ್ಮ ಬೀದಿಯನ್ನೆಲ್ಲ ಎಬ್ಬಿಸುವಂತೆ ಬುಲೆಟ್ ಗುಡುಗಿಸಿಕೊಂಡು ಸಿದ್ಧಲಿಂಗೇಶ ಹೊರಡುತ್ತಿದ್ದ. ಹಲಸೂರು ಕೆರೆಯ ದಂಡೆಯ ಟೀ ಅಂಗಡಿಯವರೆಗೆ ಹೋಗುತ್ತಿದ್ದ. ಅಲ್ಲಿ ಅಕ್ತರ್, ಮುನಿಶಾಮಿ ಅವರಿಗೆ ಟೀ ಕುಡಿಸಿ ಬೀಳ್ಕೊಡುತ್ತಿದ್ದ. ತಾನು ಪೇಪರ್ ಓದಿ, ಇಡ್ಲಿ ತಿಂದು, ಕಲ್ಲು ಬೆಂಚಿನ ಮೇಲೆ ಒಂದು ನಿದ್ದೆ ತೆಗೆಯುತ್ತಿದ್ದ. ಮಧ್ಯಾಹ್ನ ಅವರಿಬ್ಬರೂ ವಾಪಸಾಗಿ ಅದೇ ಅಂಗಡಿಯಲ್ಲಿ ಕೂತು ಗೂಬೆಕಲ್ಲು ಬೆಟ್ಟದಲ್ಲಿ ಎಲ್ಲಿ ಜಾರಿದೆವು, ಎಲ್ಲಿ ಹಾರಿದೆವು ಅಂತ ಕೈ ಆಡಿಸಿ ಹೇಳುವಾಗ ಒಂದು ತಿರುವನ್ನೂ ಬಿಡದೆ ಕೇಳುತ್ತಿದ್ದ. ಸಂಜೆ ಅದೇ ಕಥೆ, ಅದೇ ಕೈ ಆಡಿಸುವಿಕೆ, ನಮ್ಮ ಬಡಾವಣೆಯ ಪಾರ್ಕಿನಲ್ಲಿ. ಜಾರುವವನು ಹಾರುವವನು ಮಾತ್ರ ಬೇರೆ.

ಇದಕ್ಕೆ ಕಲ್ಲು ಹಾಕಲು ನೋಡಿದವರು ಎದುರುಮನೆಯ ಚನ್ನಪ್ಪನವರು. ಅವರು ವಿಮಾ ಕಚೇರಿಯಲ್ಲಿ ಕ್ಲೇಮು ನೋಡುವವರು, ಅನುಮಾನವೇ ಅವರ ಉದ್ಯೋಗ. ಬೆಟ್ಟ ಹತ್ತಿ ಬಂದ ಗಾಡಿ ಮದುವೆಗೆ ಹೊರಟ ಹಾಗೆ ಫಳಫಳ ಅಂತಿದೆಯಲ್ಲ ಸಾರ್ ಅಂತ ಒಂದು ಸಲ ಕೇಳಿಯೇಬಿಟ್ಟರು. ಮುಂದಿನ ಭಾನುವಾರ ಸಿದ್ಧಲಿಂಗೇಶ ದಾರಿಯ ನರ್ಸರಿಯೊಂದರಲ್ಲಿ ಗಿಡಕ್ಕೆ ಹಾಕುವ ಗೊಬ್ಬರ ಬೆರೆಸಿದ ಕೆಂಪು ಮಣ್ಣು ಒಂದು ಚೀಲ ತಂದು, ಕೆರೆಯ ಪಕ್ಕ ನೀರಲ್ಲಿ ಕಲಸಿ, ಗಾಡಿಗೆ ಎರಚಿಕೊಂಡು ಬಂದ. ಬರಬರುತ್ತ ಅದರಲ್ಲಿ ಅವನ ಕೈ ಪಳಗಿತು. ಚಕ್ರಕ್ಕೆ ದಪ್ಪಗೆ, ಟ್ಯಾಂಕಿಗೆ ತೆಳ್ಳಗೆ, ಪ್ಯಾಂಟಿಗೆ ಮೊಣಕಾಲವರೆಗೆ, ಕೊನೆಗೆ ಎಡಗೆನ್ನೆಗೆ ಒಂದೇ ಒಂದು ಬೊಟ್ಟು. ಆ ಬೊಟ್ಟನ್ನು ನೋಡಿದ ಮೇಲೆ ಚನ್ನಪ್ಪನವರೂ ಸುಮ್ಮನಾದರು. ಪ್ರತಿಭಾ ಏನೂ ಕೇಳುತ್ತಿರಲಿಲ್ಲ. ಸೋಮವಾರ ಪ್ಯಾಂಟು ನೆನೆಹಾಕಿ, ಸೋಪು ಹಾಕುವ ಮುಂಚಿನ ಕೆಂಪು ನೀರನ್ನು ಬಾಗಿಲ ಬಳಿಯ ಮೆಣಸಿನ ಗಿಡದ ಕುಂಡಗಳಿಗೆ ಸುರಿದು ಒಳಗೆ ಹೋಗುತ್ತಿದ್ದಳು.

ಹೀಗೆ ಒಂದು ವರ್ಷ ಸುಖವಾಗಿ ನಡೆಯಿತು. ಆಮೇಲೆ ಪ್ರತಿಭಾಗೆ ಟೈಫಾಯ್ಡ್ ಬಂತು.

ಜ್ವರ ಬಿಡಲಿಲ್ಲ, ಆಸ್ಪತ್ರೆಗೆ ಸೇರಿಸಬೇಕಾಯಿತು. ರಾಣೆಬೆನ್ನೂರಿನಿಂದ ಅವಳ ತಾಯಿ ಗುರುದೇವಿಯವರು ಬಂದಿಳಿದರು. ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಎತ್ತು ಗಾಡಿ ಹೊಲ ಎಲ್ಲ ತಾವೇ ನೋಡಿಕೊಂಡವರು. ಕುದುರೆ ಸೀನಿದ ದಿನದಿಂದ ಅಳಿಯನನ್ನು ಅವರು ಮರ್ಯಾದೆಯಿಂದ ಮಾತಾಡಿಸುತ್ತಿದ್ದರೇ ಹೊರತು ಲೆಕ್ಕಕ್ಕೆ ಹಿಡಿದವರಲ್ಲ. ಅತ್ತೆ ಅಳಿಯ ಇಬ್ಬರೂ ಮಂಚದ ಆಚೆ ಈಚೆ ಸ್ಟೂಲಿನ ಮೇಲೆ ಕೂತು ದಿನಗಟ್ಟಲೆ ಮಾತಿಲ್ಲದೆ ಕಳೆದರು. ಸಿದ್ಧಲಿಂಗೇಶನಿಗೆ ಆ ಮೌನ ತಡೆಯಲಾಗಲಿಲ್ಲ. ಒಂದು ಸಂಜೆ ಬಾಯಿ ತೆರೆದು, ಚಿಂತಾಮಣಿ ಕಡೆ ಗೂಬೆಕಲ್ಲು ಅಂತ ಒಂದು ಬೆಟ್ಟ ಇದೆ, ಅಲ್ಲಿಗೆ ಜೀಪೂ ಹೋಗಲ್ಲ, ನನ್ನ ಬೈಕು ಹೋಗುತ್ತೆ ಅಂತ ಶುರುಮಾಡಿದ. ಅಕ್ತರ್ ಹೇಳಿದ್ದರಲ್ಲಿ ಅಲ್ಲಿದ್ದದ್ದು ಬಂಡೆ, ಗಾಳಿ, ಮೇಕೆ. ಅತ್ತೆ ದೈವಭಕ್ತೆ, ಮೇಕೆಗೆ ಅವರೇನು ಮೆಚ್ಚುತ್ತಾರೆ ಅನ್ನಿಸಿತು. ತುದಿಯಲ್ಲಿ ಒಂದು ಲಿಂಗವನ್ನು ತಾನೇ ಸೇರಿಸಿದ. ಯಾರೂ ಇಟ್ಟದ್ದಲ್ಲ, ತಾನಾಗಿ ಎದ್ದದ್ದು ಎಂದ.

ಅದು ತಾನಾಗಿ ಎದ್ದದ್ದು ಅನ್ನುವುದೇನೋ ನಿಜ. ಆ ಗಳಿಗೆಯಲ್ಲಿ, ಅವನ ಬಾಯಿಯಿಂದ.

ಗುರುದೇವಿಯವರು ಎದ್ದು ನಿಂತು, ಕಿಟಕಿಯ ಕಡೆ ತಿರುಗಿ ಕೈಮುಗಿದರು. ಮಗಳು ಎದ್ದು ಕೂತರೆ ನಾನೇ ಆ ಬೆಟ್ಟ ಹತ್ತಿ ನೀರು, ಪತ್ರೆ ಏರಿಸುತ್ತೇನೆ ಅಂತ ಹರಕೆ ಹೊತ್ತರು. ಮೂರನೆಯ ದಿನಕ್ಕೆ ಜ್ವರ ಇಳಿಯಿತು. ಡಾಕ್ಟರು ಹಗಲೂ ರಾತ್ರಿ ಕೊಟ್ಟ ಔಷಧ ಎಲ್ಲರಿಗೂ ಮರೆತುಹೋಗಿ, ಕೀರ್ತಿಯೆಲ್ಲ ಲಿಂಗಕ್ಕೆ ಸಂದಿತು.

ಪ್ರತಿಭಾ ಮನೆಗೆ ಬಂದಳು, ಗಂಜಿ ಬಿಟ್ಟು ಅನ್ನಕ್ಕೆ ಬಂದಳು, ಓಡಾಡತೊಡಗಿದಳು. ಗುರುದೇವಿಯವರು ಮಾತ್ರ ಊರಿಗೆ ಹೊರಡುವ ಮಾತೆತ್ತಲಿಲ್ಲ. ಹರಕೆ ತೀರದೆ ಹೋದರೆ ಬಿಟ್ಟ ಜ್ವರ ಹುಡುಕಿಕೊಂಡು ಬರುತ್ತದೆ ಅಂದರು. ಸಿದ್ಧಲಿಂಗೇಶ ಗಾಡಿ ಕೆಟ್ಟಿದೆ ಅಂದ, ಮಳೆ ಬರುವ ಹಾಗಿದೆ ಅಂದ, ಅಮಾವಾಸ್ಯೆ ಅಂದ. ಒಂದು ಬೆಳಿಗ್ಗೆ ಪ್ರತಿಭಾ ಒಗ್ಗರಣೆ ಘಾಟಿಗೆ ಎರಡು ಸಲ ಕೆಮ್ಮಿದಳು. ಗುರುದೇವಿಯವರು ಅಳಿಯನ ಮುಖ ನೋಡಿದರು. ಲಿಂಗ ಸುಳ್ಳಿರಬಹುದು, ಹರಕೆ ನಿಜವಾಗಿತ್ತಲ್ಲ. ಹೆಂಡತಿಗೆ ಮತ್ತೆ ಏನಾದರೂ ಆದರೆ ಅದು ತನ್ನ ಬಾಯಿಚಪಲದಿಂದಲೇ ಅಂತ ಅವನಿಗೆ ಖಾತ್ರಿಯಾಯಿತು. ಭಾನುವಾರವೇ ಹೋಗೋಣ ಅತ್ತೆ ಎಂದುಬಿಟ್ಟ.

ಸುದ್ದಿ ಬಡಾವಣೆಯಲ್ಲಿ ಹಬ್ಬಿತು. ಮೂರು ದಿನದಲ್ಲಿ ಕ್ಲೇಮು ಇತ್ಯರ್ಥ ಮಾಡುವ ಲಿಂಗ ಎಂದರೆ ವಿಮಾ ಕಚೇರಿಯವರಿಗೆ ಸಾಮಾನ್ಯ ಸಂಗತಿಯಲ್ಲ. ಒಬ್ಬೊಬ್ಬರೇ ತೆಂಗಿನಕಾಯಿ ಹಿಡಿದು ಬಂದರು. ಮಗಳ ಮದುವೆಗೊಬ್ಬರು, ಮಗನ ಪಿಯುಸಿಗೊಬ್ಬರು, ಬೋರ್‌ವೆಲ್ಲಿನಲ್ಲಿ ನೀರಿಗೊಬ್ಬರು. ನಾನೂ ಸೊಂಟ ನೋವಿಗೆ ಒಂದು ಕೊಟ್ಟೆ, ಸುಳ್ಳು ಯಾಕೆ ಹೇಳಲಿ. ಚನ್ನಪ್ಪನವರು ತಮ್ಮ ಪ್ರಮೋಷನ್ನಿಗೆಂದು ಎಲ್ಲರದಕ್ಕಿಂತ ದೊಡ್ಡದನ್ನು ತಂದು, ಬೇರೆಯವರದರ ಜೊತೆ ಕಲೆಯದಿರಲೆಂದು ಸೀಮೆಸುಣ್ಣದಿಂದ ಅದರ ಮೇಲೆ ತಮ್ಮ ಹೆಸರು, ಹುದ್ದೆ, ವಿಭಾಗ ಎಲ್ಲ ಬರೆದುಕೊಟ್ಟರು. ಮಿಲಿಟರಿ ಪೆಟ್ಟಿಗೆಗಳೆರಡೂ ತುಂಬಿದವು.

ಶನಿವಾರ ಸಂಜೆ ಸಿದ್ಧಲಿಂಗೇಶ ಹಲಸೂರಿನ ಟೀ ಅಂಗಡಿಯಲ್ಲಿ ಅಕ್ತರ್, ಮುನಿಶಾಮಿ ಎದುರು ಎಲ್ಲವನ್ನೂ ಹೇಳಿಕೊಂಡು ತಲೆ ತಗ್ಗಿಸಿ ಕೂತ. ಬೆಟ್ಟ ಹತ್ತಿಸೋ ಜವಾಬ್ದಾರಿ ನಂದು ಸಾಬ್, ಮೇಲಿನದು ನಂಗೆ ಗೊತ್ತಿಲ್ಲ ಅಂತ ಅಕ್ತರ್ ಅಂದ. ಮೇಲಿನದು ನನಗೆ ಬಿಡಿ ಸಾರ್ ಅಂದವನು ಮುನಿಶಾಮಿ. ತಾನು ಮುಂಚೆ ಹೋಗಿ ಒಂದು ಗುಂಡುಕಲ್ಲು ಹುಡುಕಿ, ವಿಭೂತಿ ಬಳಿದು, ಹಾರ ಹಾಕಿ ರೆಡಿ ಮಾಡಿ ಇಟ್ಟಿರುತ್ತೇನೆ, ಹೂವು ನಮ್ಮದೇ ಅಂಗಡಿಯದು ಎಂದ. ಸಿದ್ಧಲಿಂಗೇಶನಿಗೆ ಅದು ಸರಿಕಾಣಲಿಲ್ಲ. ಬೇರೆ ದಾರಿಯೂ ಕಾಣಲಿಲ್ಲ.

ಭಾನುವಾರ ಬೆಳಿಗ್ಗೆ ಬೀದಿಗೆ ಬೀದಿಯೇ ಗೇಟಿಗೆ ಬಂದು ನಿಂತಿತ್ತು. ಪ್ರತಿಭಾ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಗುರುದೇವಿಯವರು ಇಳಕಲ್ ಸೀರೆಯ ಸೆರಗು ಸಿಕ್ಕಿಸಿ, ಒಂದು ಕೈಯಲ್ಲಿ ಬಾಯಿ ಕಟ್ಟಿದ ನೀರಿನ ಗಿಂಡಿ ಹಿಡಿದು, ಇನ್ನೊಂದು ಕೈಯನ್ನು ಅಳಿಯನ ಹೆಗಲ ಮೇಲಿಟ್ಟು ಒಂದೇ ಕಡೆ ಕಾಲು ಬಿಟ್ಟು ಕೂತರು. ಮುಂದೆ ಅಕ್ತರನ ಯೆಜ್ಡಿ, ಹಿಂದೆ ಇವರು. ಮುನಿಶಾಮಿ ಆಗಲೇ ಹೋಗಿಯಾಗಿತ್ತು.

ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಪೊಲೀಸಪ್ಪನೊಬ್ಬ ಕೈ ಅಡ್ಡ ಹಿಡಿದ. ಮಿಲಿಟರಿ ಬಣ್ಣದ ಗಾಡಿಯನ್ನು ಸಾರ್ವಜನಿಕರು ಓಡಿಸುವ ಹಾಗಿಲ್ಲ, ಬೇರೆ ಬಣ್ಣ ಹೊಡೆಸಬೇಕು ಅಂತ ಕಾನೂನು ಹೇಳಿದ. ಸಿದ್ಧಲಿಂಗೇಶನಿಗೆ ಒಳಗೊಳಗೇ ಸಂತೋಷವಾಯಿತು. ಇಲ್ಲೇ ತಡೆದುಬಿಟ್ಟರೆ ಸರ್ಕಾರವೇ ತಡೆದ ಹಾಗಾಯಿತು. ಆದರೆ ಅಷ್ಟರಲ್ಲಿ ಹಿಂದಿನಿಂದ ಗುರುದೇವಿಯವರು, ಯಾವೂರಪ್ಪ ನಿಂದು ಅಂದರು. ಅವನ ಊರು ಹಿರೇಕೆರೂರು. ಯಾರ ಪೈಕಿ ಅಂತ ಕೇಳಿದರು. ಎರಡೇ ನಿಮಿಷದಲ್ಲಿ ಅವನ ಸೋದರತ್ತೆ ಇವರ ಬೀಗರ ಮನೆಗೆ ಬಂದ ಸೊಸೆ ಎಂದು ತೀರ್ಮಾನವಾಯಿತು. ಎಲ್ಲಿಗೆ ಹೊರಟಿದ್ದು ಅಂತ ತಿಳಿದ ಮೇಲೆ ಅವನು ಪಕ್ಕದ ಅಂಗಡಿಗೆ ಹೋಗಿ ಒಂದು ತೆಂಗಿನಕಾಯಿ ತಂದು, ಹಾವೇರಿ ಜಿಲ್ಲೆಗೆ ವರ್ಗ ಆಗಲಿ ಅಂತ ಬೇಡಿಕೊಳ್ರಿ ಅವ್ವ ಎಂದು ಕೊಟ್ಟು, ವಾಹನಗಳನ್ನು ನಿಲ್ಲಿಸಿ ಇವರಿಗೆ ದಾರಿ ಮಾಡಿಕೊಟ್ಟ.

ಹೊಸಕೋಟೆ ದಾಟಿದ ಮೇಲೆ ಸಿದ್ಧಲಿಂಗೇಶನಿಗೆ ಎದೆಭಾರ ತಡೆಯಲಾಗಲಿಲ್ಲ. ಬುಲೆಟ್ಟು ಡಬಡಬ ಅಂತಿತ್ತು, ಗಾಳಿ ಬೀಸುತ್ತಿತ್ತು, ಹಿಂದೆ ಕೂತವರಿಗೆ ಏನೂ ಕೇಳುವುದಿಲ್ಲ ಅನ್ನುವ ಧೈರ್ಯದಲ್ಲಿ ಅವನು ರಸ್ತೆಯನ್ನು ನೋಡುತ್ತಲೇ ಶುರುಮಾಡಿದ.

"ಅತ್ತೆ, ಆ ಬೆಟ್ಟದ ಮೇಲೆ ಲಿಂಗ ಇಲ್ಲ. ನಾನು ಆ ಬೆಟ್ಟಾನೇ ನೋಡಿಲ್ಲ. ಮಣ್ಣೂ ನರ್ಸರೀದು. ನಿಮಗೆ ಬೇಜಾರಾಗದಿರಲಿ ಅಂತ ಹೇಳ್ದೆ, ತಪ್ಪಾಯ್ತು."

ಹಿಂದಿನಿಂದ ಹೂಂ ಅಂತ ಬಂತು. ಸಿಮೆಂಟ್ ಲಾರಿಯೊಂದು ಹಾದುಹೋದಾಗಲೂ ಅವರು ಹಾಗೇ ಹೂಂ ಅಂದಿದ್ದರು. ಅವನಿಗೆ ಹಗುರಾಯಿತು. ಹೇಳಿದ ಹಾಗೂ ಆಯಿತು, ಕೇಳದ ಹಾಗೂ ಆಯಿತು.

ಡಾಂಬರು ಮುಗಿಯಿತು. ಟೊಮೇಟೊ ತೋಟಗಳು ಹಿಂದೆ ಸರಿದವು, ನೀಲಗಿರಿ ತೋಪು ಬಂತು, ಅದರಾಚೆ ಗೂಬೆಕಲ್ಲು ಬೆಟ್ಟ ನೆತ್ತಿ ಮೇಲೆ ಒಂದು ಬಂಡೆ ಇಟ್ಟುಕೊಂಡು ಕೂತಿತ್ತು. ಸಿದ್ಧಲಿಂಗೇಶ ಮೊದಲು ಗಮನಿಸಿದ್ದು ದಾರಿಯ ಬಣ್ಣವನ್ನು. ಅದು ಕೆಂಪಗಿರಲಿಲ್ಲ. ಬಂಡೆ ಸವೆದು ಉದುರಿದ ಬಿಳಿ ಮರಳು, ಮೇಲೆ ಬೂದಿಯಂಥ ಧೂಳು. ಒಂದು ವರ್ಷ ತಾನು ಬಳಿದುಕೊಂಡದ್ದು ಯಾವ ಬೆಟ್ಟದ ಬಣ್ಣ ಅಂತ ಯೋಚಿಸುವಷ್ಟರಲ್ಲಿ ಏರು ಬಂತು. ಎರಡನೇ ಗೇರಿಗೆ ಬನ್ನಿ ಅಂತ ಅಕ್ತರ್ ಮುಂದಿನಿಂದ ಕೈಸನ್ನೆ ಮಾಡಿದ. ಸಿದ್ಧಲಿಂಗೇಶ ಭಕ್ತಿಯಿಂದ ಎಡಗಾಲನ್ನು ಒತ್ತಿದ. ಗಾಡಿ ನಿಂತಿತು, ವಾಲಿತು, ಅತ್ತೆ ಅಳಿಯ ಇಬ್ಬರನ್ನೂ ಮರಳಿನ ಮೇಲೆ ಮೆಲ್ಲಗೆ ಕೂರಿಸಿತು. ಯಾರಿಗೂ ಏನೂ ಆಗಲಿಲ್ಲ. ಗಿಂಡಿಯ ನೀರೂ ಚೆಲ್ಲಲಿಲ್ಲ. ಪೆಟ್ಟಿಗೆಯ ಬಾಯಿ ಮಾತ್ರ ತೆರೆದುಕೊಂಡು, ನಮ್ಮ ಬಡಾವಣೆಯ ಆಸೆಗಳೆಲ್ಲ ಒಂದರ ಹಿಂದೊಂದು ಇಳಿಜಾರಿನಲ್ಲಿ ಉರುಳತೊಡಗಿದವು. ಅಕ್ತರ್ ಯೆಜ್ಡಿ ನಿಲ್ಲಿಸಿ ಅವುಗಳ ಹಿಂದೆ ಓಡಿದ. ಎಲ್ಲ ಸಿಕ್ಕವು. ಚನ್ನಪ್ಪನವರದು ದೊಡ್ಡದಾಗಿದ್ದರಿಂದ ವೇಗವೂ ಜಾಸ್ತಿ ಇತ್ತು, ಅದು ಹುದ್ದೆ ವಿಭಾಗ ಸಮೇತ ಲಂಟಾನ ಪೊದೆಯೊಳಗೆ ಹೋಗಿ ಕಾಣೆಯಾಯಿತು.

ಸಿದ್ಧಲಿಂಗೇಶ ಧೂಳಿನಲ್ಲಿ ಕೂತೇ ಇದ್ದ. ಇನ್ನು ಆಗಲ್ಲ, ನಡೆದುಕೊಂಡೇ ಹೋಗೋಣ ಅಂದ. ಗುರುದೇವಿಯವರು ಸೀರೆ ಕೊಡವಿಕೊಂಡು ಗಾಡಿಯ ಸುತ್ತ ಒಂದು ಸುತ್ತು ಬಂದು, ಯಾವ ಕಾಲಿಗೆ ಏನು ಅಂತ ವಿಚಾರಿಸಿದರು. ಆಮೇಲೆ ಹೇಳಿದರು:

"ಗಾಡಿಗೆ ಎರಡ ಎತ್ತ ಇರತಾವಲ್ರಿ, ಎಡಕ್ಕೊಂದ ಬಲಕ್ಕೊಂದ. ಹೆಸರಿಲ್ಲದ ಕರದ್ರ ಯಾವ ಎತ್ತ ಬರತೈತಿ? ಬಲಗಾಲ ಈರ್ಯಾ, ಎಡಗಾಲ ಬಸ್ಯಾ. ನಾ ಕರೀತೀನಿ, ನೀವ ತುಳೀರಿ."

ಮುಂದಿನ ಸವಾರಿಯನ್ನು ನಾನು ಕಣ್ಣಾರೆ ನೋಡಲಿಲ್ಲವಲ್ಲ ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅಕ್ತರ್ ಹೇಳಿದ್ದಿಷ್ಟು. ಏರು ಬಂದಾಗ ಹಿಂದಿನಿಂದ ಈರ್ಯಾ ಅಂತ ಕೂಗು ಬರುತ್ತಿತ್ತು, ಬಲಗಾಲು ಗೇರು ಹಾಕುತ್ತಿತ್ತು. ತಿರುವು ಬಂದಾಗ ಬಸ್ಯಾ ಅಂತ ಬರುತ್ತಿತ್ತು, ಎಡಗಾಲು ಬ್ರೇಕು ಹಿಡಿಯುತ್ತಿತ್ತು. ಕೊರಕಲು ಬಂದ ಕಡೆ ಈರ್ಯಾ ಬಸ್ಯಾ ಈರ್ಯಾ ಅಂತ ಒಂದೇ ಉಸಿರಿನಲ್ಲಿ ಬಂತು, ಮೂರೂ ಸರಿಯಾಗಿ ಬಿದ್ದವು. ಎರಡು ತಿರುವು ದಾಟುವ ಹೊತ್ತಿಗೆ ಸಿದ್ಧಲಿಂಗೇಶ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಓಡಿಸುತ್ತಿದ್ದ. ಕೆಳಗೆ ಕೆರೆಗಳು ಬಿಲ್ಲೆಯಷ್ಟಾಗಿದ್ದವು, ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಅವನು ಸರಿದು ಕೂರಲಿಲ್ಲ. ಒಂದು ವರ್ಷದಿಂದ ಪಾರ್ಕಿನಲ್ಲಿ ಹೇಳುತ್ತಿದ್ದದ್ದೆಲ್ಲ ಇದೇ ಅಂತ ಅವನಿಗೆ ಆಗ ಗೊತ್ತಾಯಿತು. ಖುಷಿಗೆ ಅವನ ಕಣ್ಣಲ್ಲಿ ನೀರು ಬಂತು. ಧೂಳು ಅಂತ ಆಮೇಲೆ ಹೇಳಿದ.

ತುದಿ ತಲುಪಿದರು. ಮುನಿಶಾಮಿ ಮಾತಿಗೆ ತಪ್ಪಿರಲಿಲ್ಲ. ದೊಡ್ಡ ಬಂಡೆಯ ನೆರಳಿನಲ್ಲಿ ಒಂದು ಗುಂಡುಕಲ್ಲು, ಅದಕ್ಕೆ ಮೂರು ಪಟ್ಟೆ ವಿಭೂತಿ, ಸುಗಂಧರಾಜದ ಹಾರ. ಪಕ್ಕದಲ್ಲಿ ಅವನು ಕೈಕಟ್ಟಿ ಪೂಜಾರಿಯ ಹಾಗೆ ನಿಂತಿದ್ದ. ಹಾರದ ಒಂದು ತುದಿಯನ್ನು ಮೇಕೆಯೊಂದು ತಿನ್ನುತ್ತಿತ್ತು. ಮೇಕೆಯ ಹಿಂದೆ, ಕೋಲು ಊರಿಕೊಂಡು, ಅದನ್ನು ಮೇಯಿಸುವ ಪಿಳ್ಳಮ್ಮ ಅನ್ನುವ ಮುದುಕಿ ಕೂತಿದ್ದಳು.

ಗುರುದೇವಿಯವರು ಇದೇ ಏನು ಆ ಲಿಂಗ ಅಂತ ಕೇಳಿದರು. ಸಿದ್ಧಲಿಂಗೇಶ ಮುನಿಶಾಮಿಯನ್ನು ನೋಡಿದ, ಮುನಿಶಾಮಿ ಅಕ್ತರನನ್ನು ನೋಡಿದ, ಅಕ್ತರ್ ಆಕಾಶ ನೋಡಿದ. ಉತ್ತರ ಕೊಟ್ಟವಳು ಪಿಳ್ಳಮ್ಮ.

"ಯಾವ್ ಲಿಂಗಾನಮ್ಮೋ. ಹುಟ್ಟಿದಾಗ್ನಿಂದ ಇಲ್ಲೇ ಮೇಕೆ ಮೇಯಿಸ್ತಿವ್ನಿ. ಬೆಳಗ್ಗೆ ಇವಪ್ಪ ಬಂದು, ನಾನು ಕೂತ್ಕಣೋ ಕಲ್ಲು ಎತ್ಕೊಂಡೋಗಿ ಅಲ್ಲಿಟ್ಟು ಹೂವ ಹಾಕ್ದ. ಪೂಜೆ ಆದ್ಮೇಲೆ ನನ್ ಕಲ್ಲು ನಂಗೆ ಕೊಟ್ಬುಡ್ಲಿ."

ಸಿದ್ಧಲಿಂಗೇಶನಿಗೆ ಭಯವಾಯಿತು. ಮಾನ ಹೋದದ್ದಕ್ಕಲ್ಲ. ಹರಕೆ ಏನಾಯಿತು, ಒಗ್ಗರಣೆ ಮುಂದೆ ಕೆಮ್ಮಿದವಳ ಗತಿಯೇನು ಅಂತ.

"ಅತ್ತೆ, ನಾನು ಸುಳ್ಳು ಹೇಳಿದ್ದೆ" ಎಂದ.

"ಗೊತ್ತೈತಿ. ಹೊಸಕೋಟಿ ದಾಟಿದ ಮ್ಯಾಲ ಹೇಳಿದ್ರಲ್ಲ."

"ಕೇಳಿಸ್ತಾ? ಮತ್ತೆ ವಾಪಸ್ ಹೋಗೋಣ ಅನ್ನಬಾರದಿತ್ತಾ?"

"ಸುಳ್ಳ ಹೇಳಿದವರು ನೀವ. ಹರಕಿ ಹೊತ್ತಾಕಿ ನಾ. ಮಗಳು ಎದ್ದ ಕುಂತಾಳ. ಲಿಂಗ ಇಲ್ಲಂತ ಹರಕಿ ಬಾಕಿ ಇಟಗೊಳ್ಳಾಕ ಬರತೈತೇನು?"

ಹೀಗೆ ಹೇಳಿ ಗುರುದೇವಿಯವರು ಬಂಡೆಯ ಮೇಲೆ ಪದ್ಮಾಸನ ಹಾಕಿ ಕೂತರು. ಕೊರಳಲ್ಲಿ ದಾರ ಕಟ್ಟಿ ತೂಗಿಸಿಕೊಂಡಿದ್ದ ಬೆಳ್ಳಿಯ ಕರಡಿಗೆಯನ್ನು ಬಿಚ್ಚಿದರು. ಅದರೊಳಗಿನಿಂದ, ಹುಟ್ಟಿದಾಗ ಗುರುಗಳು ಕಟ್ಟಿದ್ದು, ಅಂದಿನಿಂದ ಮೈಬಿಟ್ಟು ಅಗಲದ ತಮ್ಮ ಇಷ್ಟಲಿಂಗವನ್ನು ತೆಗೆದು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡರು.

"ಬೆಟ್ಟದ ಮ್ಯಾಲ ಲಿಂಗ ಇಲ್ಲಂತ ಯಾರ ಅಂದೋರು" ಅಂದರು. "ನೀವ ಹೇಳಿದ್ದು ಖರೇನ ಆತು ನೋಡ್ರಿ. ನಿಮ್ಮದ ಎಲ್ಲೈತಿ?"

ಅವನದು ಮನೆಯಲ್ಲಿ, ಮಂಚದ ಕೆಳಗಿನ ಸೂಟ್‌ಕೇಸಿನಲ್ಲಿತ್ತು. ಬೇಸಿಗೆಯಲ್ಲಿ ದಾರ ಕಡಿಯುತ್ತೆ ಅಂತ ತೆಗೆದಿಟ್ಟವನು ಎಷ್ಟು ಬೇಸಿಗೆ ಕಳೆಯಿತೆಂದು ಮರೆತಿದ್ದ. ಅದನ್ನೂ ಹೇಳಿದ. ಬೆಟ್ಟದ ಮೇಲೆ ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅವರು ಬೈಯಲಿಲ್ಲ. ಬರ್ರಿ, ನೀರ ಹಾಕ್ರಿ ಅಂತ ಗಿಂಡಿ ಕೊಟ್ಟರು. ಅವನು ಅತ್ತೆಯ ಅಂಗೈ ಮೇಲೆ ಸಣ್ಣಗೆ ನೀರು ಬಿಟ್ಟ. ಅವರು ವಿಭೂತಿ ಇಟ್ಟರು, ಪತ್ರೆ ಏರಿಸಿದರು, ಮಗಳ ಹೆಸರು ಹೇಳಿ ಕಣ್ಣು ಮುಚ್ಚಿದರು. ಅಕ್ತರ್ ತಲೆಗೆ ಕರ್ಚೀಫು ಕಟ್ಟಿಕೊಂಡು ದೂರ ನಿಂತ. ಮುನಿಶಾಮಿ ನಾಚಿಕೆಯಿಂದ ಗುಂಡುಕಲ್ಲಿನ ಹಾರ ತೆಗೆಯಲು ಹೋದ, ಉಳಿದಿದ್ದದ್ದು ನೂಲು ಮಾತ್ರ.

ಆಮೇಲೆ ಕಾಯಿಗಳನ್ನು ಒಡೆದರು, ಮದುವೆ, ಪಿಯುಸಿ, ಬೋರ್‌ವೆಲ್, ನನ್ನ ಸೊಂಟ, ಪೊಲೀಸಪ್ಪನ ವರ್ಗ, ಒಂದನ್ನೂ ಬಿಡದೆ ಹೆಸರು ಹೇಳಿ. ಲಿಂಗವೇ ಇಲ್ಲವೆಂದಿದ್ದ ಪಿಳ್ಳಮ್ಮ ಮೆಲ್ಲಗೆ ಹತ್ತಿರ ಬಂದು, ತನ್ನ ಮಂಡಿ ನೋವಿನ ಬಗ್ಗೆಯೂ ಒಂದು ಮಾತು ಹಾಕಿ ಅಂದಳು. ಹಾಕಿದರು.

ಸಂಜೆ ಬುಲೆಟ್ಟು ನಮ್ಮ ಬೀದಿಗೆ ತಿರುಗಿದಾಗ ಎಲ್ಲರೂ ಗೇಟಿನಲ್ಲಿದ್ದೆವು. ಸಿದ್ಧಲಿಂಗೇಶನ ತಲೆಯಿಂದ ಕಾಲವರೆಗೆ ಬಿಳಿ ಧೂಳು, ರೊಟ್ಟಿ ಹಿಟ್ಟಿನ ಡಬ್ಬಿಗೆ ಬಿದ್ದು ಎದ್ದ ಹಾಗಿದ್ದ. ಮೊಣಕೈ ತರಚಿತ್ತು. ಮುಖದಲ್ಲಿ ಮಾತ್ರ ಅದುವರೆಗೆ ನಾವು ನೋಡಿರದ ಒಂದು ಕಳೆಯಿತ್ತು. ಚನ್ನಪ್ಪನವರು ಗಾಡಿಯ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಬೆರಳಿನಿಂದ ಧೂಳು ತೆಗೆದು, ಕನ್ನಡಕ ಏರಿಸಿ ನೋಡಿದರು. ತಲೆಯಾಡಿಸಿದರು.

"ಇವತ್ತು ಬೆಟ್ಟಕ್ಕೆ ಹೋಗಿಲ್ಲ ಇವರು" ಎಂದು ತೀರ್ಪು ಕೊಟ್ಟರು. "ಗೂಬೆಕಲ್ಲಿನ ಮಣ್ಣು ಕೆಂಪು. ಒಂದು ವರ್ಷದಿಂದ ನೋಡ್ತಿದೀವಲ್ಲ. ಇದ್ಯಾವುದೋ ಕಟ್ಟಡದ ಸಿಮೆಂಟು."

ಸಿದ್ಧಲಿಂಗೇಶ ಬಾಯಿ ತೆರೆದ. ಬಿಳಿಯೇ ನಿಜವೆಂದರೆ ಕೆಂಪು ಎಲ್ಲಿಯದು ಅಂತ ಬರುತ್ತದೆ. ಬಾಯಿ ಮುಚ್ಚಿದ. ನಾವೆಲ್ಲ ಗುರುದೇವಿಯವರ ಕಡೆ ತಿರುಗಿದೆವು. ಅವರು ಅಂದದ್ದು ಒಂದೇ ಮಾತು, ಬೆಟ್ಟದ ಮ್ಯಾಲ ಲಿಂಗ ಇತ್ತು, ಅಳಿಯಾರ ನೀರ ಹಾಕ್ಯಾರ. ಅದು ಅಕ್ಷರಶಃ ನಿಜ. ಆದರೂ ಅತ್ತೆ ಅಳಿಯನನ್ನು ಬಿಟ್ಟುಕೊಡುತ್ತಾರೆಯೇ ಅಂತ ಚನ್ನಪ್ಪನವರು ನನ್ನ ಕಿವಿಯಲ್ಲಿ ಅಂದರು. ಮುಂದೆ ಎರಡು ತಿಂಗಳಿಗೆ ಪ್ರಮೋಷನ್ ಪಟ್ಟಿ ಬಂದಾಗ ಅವರ ಹೆಸರಿರಲಿಲ್ಲ. ಆ ದಿನ ಇವನು ಬೆಟ್ಟಕ್ಕೆ ಹೋಗಲಿಲ್ಲ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೇ ಅಂತ ಇವತ್ತಿಗೂ ವಾದಿಸುತ್ತಾರೆ. ಲಂಟಾನ ಪೊದೆಯ ಸಂಗತಿಯನ್ನು ಅಕ್ತರ್ ನನಗೊಬ್ಬನಿಗೇ ಹೇಳಿದ್ದು. ನಾನು ಅವರಿಗೆ ಹೇಳಲು ಹೋಗಿಲ್ಲ.

ಸೋಮವಾರ ಗುರುದೇವಿಯವರು ಊರಿಗೆ ಹೊರಟರು. ಮೆಜೆಸ್ಟಿಕ್ಕಿನವರೆಗೆ ಆಟೋ ಬೇಡ ಅಂದು ಬುಲೆಟ್ಟಿನ ಮೇಲೇ ಕೂತರು. ಸಿಗ್ನಲ್ಲಿನಲ್ಲಿ ಬಸ್ಯಾ ಅಂತ ಕೂಗಿದ್ದು ಕೇಳಿ ಪಕ್ಕದ ಆಟೋದವನೊಬ್ಬ ತಿರುಗಿ ಏನವ್ವ ಅಂದನಂತೆ.

ಅತ್ತೆಯನ್ನು ಬಸ್ಸು ಹತ್ತಿಸಿ ಸಿದ್ಧಲಿಂಗೇಶ ಮನೆಗೆ ಬಂದಾಗ ಪ್ರತಿಭಾ ಬಾಗಿಲಲ್ಲಿ ಅವನ ಪ್ಯಾಂಟನ್ನು ಬಕೆಟ್ಟಿನಲ್ಲಿ ನೆನೆಹಾಕಿ, ನೀರನ್ನೇ ನೋಡುತ್ತ ನಿಂತಿದ್ದಳು. ಮೈ ತುಂಬಿಕೊಂಡಿದ್ದಳು, ಮುಖಕ್ಕೆ ಬಣ್ಣ ಬಂದಿತ್ತು. ಅವಳು ಕೆಮ್ಮುತ್ತಿಲ್ಲ ಅನ್ನುವುದೇ ಅವನಿಗೆ ಸಂತೋಷ ತಂದಿತು. ಇವಳಿಗಾದರೂ ಎಲ್ಲ ಹೇಳಿಬಿಡಬೇಕು ಅಂತ ಹತ್ತಿರ ಹೋಗಿ, ಬಿಳಿ ಧೂಳು, ಏರು, ತಿರುವು ಅಂತ ಶುರುಮಾಡಿದ. ಅವಳು ಬಕೆಟ್ಟಿನ ನೀರನ್ನು ಕುಂಡಗಳಿಗೆ ಹಾಕದೆ ಚರಂಡಿಗೆ ಸುರಿದಳು.

"ಹೋಗಿಬಂದಿದ್ದು ಒಳ್ಳೇದಾಯ್ತು ರೀ. ಆದ್ರೆ ಇದರಲ್ಲಿ ಗೊಬ್ಬರಾನೇ ಇಲ್ಲ. ಮೆಣಸಿನ ಗಿಡ ಹೂವು ಬಿಟ್ಟಿದೆ, ಬರೋ ಭಾನುವಾರ ಒಂದ್ಸಲ ಆ ಹಳೇ ಬೆಟ್ಟಕ್ಕೇ ಹೋಗ್ಬನ್ನಿ."